ಹೆಜ್ಜೆಗೆ ಮುಂಚಿನ ಕಡುಬು

ಮಗು ಬೋರಲು ಬಿದ್ದರೆ ಕಡುಬು, ಹೊಸ್ತಿಲು ದಾಟಿದರೆ ಕಡುಬು, ಮೊದಲ ಹೆಜ್ಜೆ ಇಟ್ಟರೆ ಮತ್ತೆ ಕಡುಬು. ಶಿಕಾರಿಪುರದ ಆ ಓಣಿಯಲ್ಲಿ ಇದನ್ನು ಮನೆಮನೆಗೂ ಹಂಚಲೇಬೇಕು. ವಾಣಿಶ್ರೀ ಮೊದಲೆರಡನ್ನು ಹೊತ್ತಿಗೆ ಸರಿಯಾಗಿ ಹಂಚಿದ್ದಳು. ಮೂರನೆಯದಕ್ಕೇ ಬಂತು ನೋಡಿ ತಕರಾರು. ಮಗಳು ಧನ್ಯಾಗೆ ಒಂದೂವರೆ ವರ್ಷ ದಾಟಿದರೂ ಹೆಜ್ಜೆಯ ಸುದ್ದಿಯೇ ಇಲ್ಲ. ಕೂತಲ್ಲಿಂದಲೇ ಜರುಗಿಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು ಮಹಾರಾಯ್ತಿ! ಹಿಡಿದು ನಿಲ್ಲಿಸಿದರೆ ಕಾಲು ಮಡಚಿ ಕೂತೇಬಿಡುತ್ತಿದ್ದಳು.

ಡಾಕ್ಟರ್ ನೋಡಿ, "ಕಾಲು ಗಟ್ಟಿ ಇದಾವಮ್ಮ. ಕೆಲವು ಮಕ್ಕಳು ನಿಧಾನ. ಕಾಯಿರಿ," ಎಂದಿದ್ದರು. ಕಾಯುವುದಕ್ಕೆ ವಾಣಿಶ್ರೀ ಸಿದ್ಧಳಾಗಿಯೇ ಇದ್ದಳು. ಓಣಿ ಕಾಯಬೇಕಲ್ಲ! ಎದುರುಮನೆ ಹುಚ್ಚಮ್ಮ ನಲ್ಲಿಯಲ್ಲಿ ನೀರು ಹಿಡಿಯುವಾಗ ದಿನಾ ಕೇಳುವಳು: "ಏನ್ ವಾಣಿ, ಕಡುಬು ಯಾವಾಗ ಕೊಡ್ತಿ? ನಮ್ಮ ನಾಗಶ್ರೀ ಮಗ ವರ್ಷ ತುಂಬೋದ್ರಾಗೆ ಓಡಾಡ್ತಿದ್ದ." ನಾಗಶ್ರೀ ಅವಳ ಸೊಸೆ. ಹುಚ್ಚಮ್ಮ ಕೆಟ್ಟವಳೇನಲ್ಲ, ಆದರೆ ಬಾಯಿಗೆ ಬೀಗವಿಲ್ಲ. ಒಬ್ಬರು ಕಾಲಿಗೆ ತಿಕ್ಕುವ ಎಣ್ಣೆ ಹೇಳಿದರು, ಇನ್ನೊಬ್ಬರು ಹರಕೆ ಹೇಳಿದರು. ಮತ್ತೊಬ್ಬರು "ನೀ ಎತ್ಕೊಂಡೇ ತಿರಗ್ತಿ, ಅದ್ಕೇ" ಎಂದು ತಪ್ಪನ್ನು ತಾಯಿಯ ತಲೆಗೇ ಕಟ್ಟಿದರು.

ಗಂಡ ರಾಜಕುಮಾರ್ ಶುಂಠಿ ವ್ಯಾಪಾರಿ. ಆನವಟ್ಟಿ ಕಡೆಯ ಹಳ್ಳಿಗಳಲ್ಲಿ ಮಾಲು ಹಿಡಿಯುತ್ತಾ ವಾರಗಟ್ಟಲೆ ಹೊರಗೇ. ಫೋನಿನಲ್ಲಿ ಅವನೂ ಮೊದಲು ಕೇಳುವುದು "ನಡದ್ಲೇನು?" ಎಂದೇ. ನಿನ್ನ ಊಟ ಆಯಿತೇ ಎಂದು ಕೇಳುವುದು ಅವನಿಗೆ ನೆನಪಾಗುತ್ತಿರಲಿಲ್ಲ. ಉಳವಿಯಲ್ಲಿದ್ದ ಅವ್ವ ತೀರಿಕೊಂಡ ಮೇಲೆ ವಾಣಿಶ್ರೀಗೆ ಮನಸ್ಸು ಬಿಚ್ಚಿ ಮಾತಾಡಲು ಒಂದು ಜೀವವೂ ಇರಲಿಲ್ಲ.

ಒಂದು ಬೆಳಿಗ್ಗೆ ಹುಚ್ಚಮ್ಮ ದನಿ ತಗ್ಗಿಸಿ, "ದೊಡ್ಡಾಸ್ಪತ್ರೆಗೆ ತೋರ್ಸವ್ವ, ಏನಾರ ಕೊರತೆ ಇದ್ದೀತು," ಎಂದಳು. ಕೊರತೆ! ಮಾತು ಎದೆಗೆ ನಾಟಿತು. ವಾಣಿಶ್ರೀ ಒಳಗೆ ಬಂದವಳೇ ಕಾಯಿ ಒಡೆದಳು, ಬೆಲ್ಲ ಜಜ್ಜಿದಳು, ಕಡುಬು ಬೇಯಿಸಿದಳು. ಸಂಜೆ ಮನೆಮನೆಗೂ ಹೋಗಿ, "ಧನ್ಯಾ ನಡೆದ್ಲು ರೀ," ಎಂದು ಕೊಟ್ಟು ಬಂದಳು. ಗಂಡನಿಗೂ ಅದನ್ನೇ ಹೇಳಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಇವಳು ಹೊಲಿಸಿದ್ದಲ್ಲದೆ ಊರಿಗೆಲ್ಲ ತೋರಿಸಿಯೂ ಬಂದಳು.

ಓಣಿಯ ಬಾಯಿ ಮುಚ್ಚಿತು. ಅದರ ಜೊತೆ ವಾಣಿಶ್ರೀಯ ಬಾಗಿಲೂ ಮುಚ್ಚಿತು. ನಡೆಯುವ ಮಗುವನ್ನು ಜಗುಲಿಗೆ ಬಿಡದಿದ್ದರೆ ಜನ ಏನಂದಾರು? ಬಿಟ್ಟರೆ ಬಣ್ಣ ಬಯಲಾಗುತ್ತದೆ. ಯಾರಾದರೂ ಕೂಗಿದರೆ ಮಗಳಿಗೆ ಶೀತ ಎನ್ನುವಳು, ಮಲಗಿದ್ದಾಳೆ ಎನ್ನುವಳು. ಎಲ್ಲರೂ ಹೋದ ಮೇಲೆ ನಲ್ಲಿಗೆ ಹೋಗುವಳು. ಇಡೀ ದಿನ ಅವಳ ಕಿವಿಗೆ ಬೀಳುತ್ತಿದ್ದುದು ಮಗಳ ತೊದಲು ಮತ್ತು ಕುಕ್ಕರಿನ ಸೀಟಿ, ಅಷ್ಟೇ. "ನಡಿಯೇ, ನನ್ನ ಮಾನ ಉಳಿಸೇ," ಎಂದು ಮಗಳನ್ನು ನಿಲ್ಲಿಸಿ ಬೇಡುವಳು. ಒಂದು ದಿನ ಗದರಿಯೇಬಿಟ್ಟಳು. ಮಗು ಬೆದರಿ ಅತ್ತಿತು. ಅಯ್ಯೋ, ಇದರದ್ದೇನು ತಪ್ಪು? ಅವಳೂ ಅತ್ತಳು. ಅವತ್ತಿನಿಂದ ನಿಲ್ಲಿಸುವುದನ್ನೇ ಬಿಟ್ಟಳು.

ತಿಂಗಳು ಕಳೆಯಿತು. ಶುಂಠಿ ಸುಗ್ಗಿಯೆಂದು ರಾಜಕುಮಾರ್ ಆ ತಿಂಗಳು ಮನೆ ಕಡೆ ಬರಲೇ ಇಲ್ಲ. ಒಂದು ಮಧ್ಯಾಹ್ನ ವಾಣಿಶ್ರೀ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಧನ್ಯಾ ಗೋಡೆ ಹಿಡಿದು ಎದ್ದಳು, ಗೋಡೆ ಬಿಟ್ಟಳು, ಅಲ್ಲಾಡುತ್ತಾ ನೇರ ಮೊರದ ಕಡೆಗೇ ನಡೆದು ಬಂದಳು. ಮುಷ್ಟಿ ತುಂಬ ಅಕ್ಕಿ ಬಾಚಿಕೊಂಡು ನಕ್ಕಳು. ಅವಳನ್ನು ಯಾರೂ ಕರೆದಿರಲಿಲ್ಲ.

ವಾಣಿಶ್ರೀ ಮೊರ ಬದಿಗಿಟ್ಟು ಗಂಡನಿಗೆ ಫೋನ್ ಮಾಡಿದಳು. "ರೀ, ಧನ್ಯಾ ನಡೆದ್ಲು!"

"ಅದು ಹಳೇ ಸುದ್ದಿ ಅಲ್ಲೇನೇ ಮಾರಾಯ್ತಿ. ಇಲ್ಲಿ ಲಾರಿ ಲೋಡ್ ಆಗಾಕತ್ತೈತಿ, ಆಮೇಲೆ ಮಾಡ್ತೀನಿ."

ಇಟ್ಟುಬಿಟ್ಟ. ನಿಜವಾದ ಹೆಜ್ಜೆ ಬಂದಿದೆ, ಹೇಳೋಣವೆಂದರೆ ಯಾರೂ ಇಲ್ಲ. ಅದರ ಕಡುಬನ್ನು ಓಣಿ ಎಂದೋ ತಿಂದು ಅರಗಿಸಿಕೊಂಡಿದೆ. ವಾಣಿಶ್ರೀ ಎದ್ದು ಬಾಗಿಲು ತೆರೆದಳು.

ಧನ್ಯಾ ಚೌಕಟ್ಟು ಹಿಡಿದು ಹೊಸ್ತಿಲು ದಾಟಿ, ತೂರಾಡುತ್ತಾ ಓಣಿಗಿಳಿದಳು. ಎದುರಿನ ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಹುಚ್ಚಮ್ಮ ತಲೆಯೆತ್ತಿದಳು.

"ಇದೇನೇ ವಾಣಿ, ನಡ್ಯಾಕ್ ಹತ್ತಿ ತಿಂಗಳಾತು, ಇನ್ನೂ ಹಿಂಗ್ ತೂರಾಡ್ತಾಳಲ್ಲ? ನಮ್ಮ ನಾಗಶ್ರೀ ಮಗ..."

"ಇವತ್ತೇ ನಡೆದಿದ್ದು ರೀ."

"ಮತ್ತೆ ಅವತ್ತಿನ ಕಡುಬು?"

"ಅದು ನಿಮ್ಮ ಬಾಯಿ ಮುಚ್ಸೋಕೆ ಕೊಟ್ಟಿದ್ದು."

ಹುಚ್ಚಮ್ಮನ ಕೈ ನಿಂತಿತು. ಹುಣಸೆಹಣ್ಣಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿಸಿತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ, ನಾಳೆ ನಲ್ಲಿಯ ಹತ್ತಿರ ಯಾರೂ ಮಾತಾಡಿಸುವುದಿಲ್ಲ. ಆಗಲಿ ಎಂದುಕೊಂಡಳು ವಾಣಿಶ್ರೀ.

ಅಷ್ಟರಲ್ಲಿ ಧನ್ಯಾ ಓಣಿಯ ನಡುವೆ ದೊಪ್ಪೆಂದು ಕೂತುಬಿಟ್ಟಳು. ವಾಣಿಶ್ರೀಯ ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆ ಎಳೆದುಕೊಂಡಳು. ಬಿಸಿಲು ತುಂಬಿದ ಓಣಿಯಲ್ಲಿ ತಾಯಿ ಮಗಳು ಇಬ್ಬರೇ. ಅವಳು ಹೋಗಿ ಮಗಳ ಎದುರಿಗೆ ನೆಲದ ಮೇಲೇ ಕೂತಳು.

"ಏಳ್ಬೇಕು ಅನ್ಸಿದಾಗ ಏಳು ಮಗಾ. ನಂಗೇನೂ ಅವಸರ ಇಲ್ಲ."