ಹೊನ್ನೂರಸ್ವಾಮಿ ಮೇಸ್ತ್ರಿಯ ಉಗುರು

ಕೊಟ್ಟೂರಿನ ಹೊನ್ನೂರಸ್ವಾಮಿ ಮೇಸ್ತ್ರಿಯ ಒಂಬತ್ತು ಬೆರಳುಗಳಿಗೆ ಗ್ರೀಸಿನ ಕಪ್ಪು ಹುಟ್ಟಿನಿಂದಲೇ ಅಂಟಿಕೊಂಡು ಬಂದಂತಿದ್ದರೆ, ಎಡಗೈಯ ಹೆಬ್ಬೆರಳೊಂದು ಮಾತ್ರ ಆಗಷ್ಟೇ ಸ್ನಾನ ಮುಗಿಸಿ ಬಂದಂತೆ ಸದಾ ಶುಭ್ರವಾಗಿರುತ್ತಿತ್ತು. ಅದರ ಉಗುರನ್ನು ಆತ ಜೋಳದ ಕಾಳಿನಷ್ಟು ಉದ್ದ ಬೆಳೆಸಿ, ಯಾವ ಒರಟು ಕೆಲಸಕ್ಕೂ ಹಚ್ಚದೆ ಕಾಪಾಡಿಕೊಂಡಿದ್ದ. ಎಂಜಿನ್ ಬಿಚ್ಚಿ ಹರವಿದ ದಿನ, ಸೀಮೆಎಣ್ಣೆಯಲ್ಲಿ ತೊಳೆದ ಹಲ್ಲುಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಆ ಉಗುರನ್ನು ಒಂದೊಂದೇ ಹಲ್ಲಿನ ಬೆನ್ನಿಂದ ಬುಡಕ್ಕೆ ಎಳೆಯುತ್ತ ಹೋಗುವಾಗ, ಕಾರಿನ ಮಾಲೀಕನಿರಲಿ, ಪಕ್ಕದ ಪಂಚರ್ ಅಂಗಡಿಯವನೂ ಸುತ್ತಿಗೆಯ ಸದ್ದು ನಿಲ್ಲಿಸುತ್ತಿದ್ದ.

ಎಂಜಿನ್ನಿನ ಮುಂದಿನ ಮುಚ್ಚಳದೊಳಗೆ ಕೆಳಗೊಂದು ಸಣ್ಣ ಚಕ್ರ, ಮೇಲೊಂದು ದೊಡ್ಡ ಚಕ್ರ, ಎರಡನ್ನೂ ಕೂಡಿಸಿ ಓಡುವ ಟೈಮಿಂಗ್ ಚೈನು. ಹಲ್ಲುಗಳು ಸವೆದು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದರೆ ಚೈನು ಹಲ್ಲು ಹಾರುತ್ತದೆ; ಹಾರಿತೆಂದರೆ ಎಂಜಿನ್ನಿನ ಉಸಿರಿನ ಲಯವೇ ತಪ್ಪುತ್ತದೆ. ಸವೆತವು ಕಣ್ಣಿಗೆ ಕಾಣುವ ಮೊದಲೇ ಉಗುರಿಗೆ ಸಿಗುತ್ತದೆಂಬುದು ಹೊನ್ನೂರಸ್ವಾಮಿಯ ದೃಢ ನಂಬಿಕೆ. ಬೇಸಿಗೆಯಲ್ಲೂ ಬಿಚ್ಚದ ಖಾಕಿ ಕೋಟು, ಏನನ್ನೋ ಆಲಿಸುವವನಂತೆ ಒಂದು ಪಕ್ಕಕ್ಕೆ ವಾಲಿದ ನಡಿಗೆ, ಯಾರು ಏನೇ ಹೇಳಿದರೂ "ಹಂಗಂತೀರಿ?" ಎಂಬ ಒಂದೇ ಪ್ರಶ್ನೆ. ಆ ಪ್ರಶ್ನೆಯೆದುರು ಎಂಥವರಿಗೂ ತಮ್ಮ ಮಾತಿನ ಮೇಲೆ ತಮಗೇ ಅನುಮಾನ ಬರುತ್ತಿತ್ತು.

ತೊಂಬತ್ತೇಳರಲ್ಲಿ ಶೇಂಗಾ ವ್ಯಾಪಾರಿ ಪಾಲಣ್ಣನವರ ಅಂಬಾಸಿಡರ್ ಕಾರಿನ ಎಂಜಿನ್ ಆತನ ಕೈಗೆ ಬಂತು. ಚೈನು ಹೊಸದು ಹಾಕಿದ ಮೇಸ್ತ್ರಿ, ಚಕ್ರಗಳೆರಡನ್ನೂ ಹಳೆಯವೇ ಇರಲೆಂದ. ಡ್ರೈವರ್ ಬಂಗಾರಪ್ಪನಿಗೆ ಇದು ಸರಿಬೀಳಲಿಲ್ಲ.

"ಅವನ್ನೂ ಹೊಸಾವು ಹಾಕಿಬಿಡ್ರಿ ಮೇಸ್ತ್ರಿ, ಯಾಕ ಬೇಕು?"

"ಹಂಗಂತೀರಿ? ಈಗ ಬರೋ ಹೊಸಾವು ಬೆಣ್ಣಿ ಇದ್ದಂಗ ಅದಾವ. ಇವು ಉಕ್ಕು. ಇನ್ನೂ ಹತ್ತು ವರ್ಷ ಏನೂ ಆಗಂಗಿಲ್ಲ."

ಆದರೆ ಮರುವರ್ಷವೇ ಅನಾಹುತವಾಯಿತು. ಪಾಲಣ್ಣನವರ ಮಗಳು ದುರ್ಗಾದೇವಿ ಡಾಕ್ಟರಿಕೆಯ ಪ್ರವೇಶ ಪರೀಕ್ಷೆ ಬರೆಯಲು ದಾವಣಗೆರೆಗೆ ಹೊರಟಿದ್ದಳು. ಹರಪನಹಳ್ಳಿ ದಾಟಿ ತೆಲಿಗಿಯ ಸಮೀಪ ಕಾರು ಪಟಪಟನೆ ಸಿಡಿದು ನಿಂತುಬಿಟ್ಟಿತು. ಬಸ್ಸು ಹಿಡಿದು ಹುಡುಗಿ ದಾವಣಗೆರೆ ಮುಟ್ಟುವಷ್ಟರಲ್ಲಿ ಮೊದಲ ಪತ್ರಿಕೆ ಮುಗಿದಿತ್ತು. ರಸ್ತೆಯಲ್ಲಿ ನೆರೆದವರು "ಚೈನು ಹಾರೇತಿ" ಎಂದರು. ಬಂಗಾರಪ್ಪನೂ ಅದನ್ನೇ ಒಪ್ಪಿದ. ಮರುದಿನ ಪಾಲಣ್ಣನವರು ಶೆಡ್ಡಿನ ಮುಂದೆ ನಿಂತು ಹೇಳಿದ್ದು ಒಂದೇ ಮಾತು: "ನಿನ್ನ ಉಗುರು ನಂಬಿ ನನ್ನ ಮಗಳ ವರ್ಷ ಹೋತಲ್ಲೋ ಹೊನ್ನೂರಾ!"

ಮೇಸ್ತ್ರಿ ಅಂದು "ಹಂಗಂತೀರಿ?" ಎನ್ನಲಿಲ್ಲ. ಒಮ್ಮೆ ಬಿಚ್ಚಿ ನೋಡುತ್ತೇನೆಂದು ಕೇಳಿಕೊಳ್ಳಬಹುದಿತ್ತು. ಬಿಚ್ಚಿದರೆ ಒಳಗೆ ತನ್ನ ತಪ್ಪೇ ಕಂಡೀತೆಂಬ ಭಯಕ್ಕೆ ಕೇಳಲಿಲ್ಲ. ಪಾಲಣ್ಣನವರು ಸಿಟ್ಟಿಗೆ ಬೇರೆ ಗಾಡಿ ಕೊಂಡು, ಅಂಬಾಸಿಡರನ್ನು ಎಳೆಸಿ ತಂದು ಗೋದಾಮಿನ ಹಿಂದೆ ನಿಲ್ಲಿಸಿದರು. ಹೊನ್ನೂರಸ್ವಾಮಿ ಆ ವಾರವೇ ಉಗುರು ಕತ್ತರಿಸಿದ. ಅಲ್ಲಿಂದಾಚೆಗೆ ಆತನ ಶೆಡ್ಡಿಗೆ ಬಂದ ಯಾವ ಚಕ್ರವೂ ಪರೀಕ್ಷೆಗೆ ಒಳಗಾಗಲಿಲ್ಲ. ಮುಟ್ಟಿ ಕೂಡ ನೋಡದೆ "ಹೊಸಾದು ಹಾಕ್ರಿ" ಎಂದು ಗುಜರಿಗೆ ಒಗೆಯುತ್ತಿದ್ದ. ಬೀದಿಯಲ್ಲಿ ದುರ್ಗಾದೇವಿ ಎದುರಾದರೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದ.

ಆರು ವರ್ಷ ಹೀಗೆಯೇ ಸಂದವು. ಎರಡು ಸಾವಿರದ ನಾಲ್ಕರ ಒಂದು ಮುಂಜಾನೆ ಬಂಗಾರಪ್ಪ ಅದೇ ಅಂಬಾಸಿಡರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಗೋದಾಮು ಖಾಲಿ ಮಾಡುವಾಗ ಪಾಲಣ್ಣನವರು ಅದನ್ನು ಅವನಿಗೇ ಕೊಟ್ಟಿದ್ದರು. ಬಾಡಿಗೆಗೆ ಓಡಿಸುವ ಆಸೆ ಅವನದು.

"ನಿಂತಲ್ಲೇ ನಿಂತಿತ್ತು, ಯಾರೂ ಕೈ ಹಚ್ಚಿಲ್ಲ ಮೇಸ್ತ್ರಿ. ಪೂರ್ತಿ ಬಿಚ್ಚಿ ಕಟ್ಟಿಕೊಡ್ರಿ."

ಹೊನ್ನೂರಸ್ವಾಮಿ ಬೇಡವೆನ್ನಲಾರದೆ ಕೆಲಸಕ್ಕೆ ಕೂತ. ತುಕ್ಕು ಹಿಡಿದ ಪಿಸ್ಟನ್ನುಗಳನ್ನು ಎರಡು ದಿನ ಎಣ್ಣೆ ಕುಡಿಸಿ ಸಡಿಲಿಸಿದ. ಮೂರನೆಯ ದಿನ ಮುಂದಿನ ಮುಚ್ಚಳದ ಸರದಿ ಬಂದಾಗ ಬೋಲ್ಟು ತಿರುವುವ ಪಾನಾ ಕೆಳಗಿಟ್ಟು, "ಅದನ್ನ ನೀನ ಬಿಚ್ಚೋ ಬಂಗಾರಪ್ಪ" ಎಂದು ಬೆನ್ನು ತಿರುಗಿಸಿ ಕೂತುಬಿಟ್ಟ.

ಮುಚ್ಚಳ ಕಳಚಿದ ಸದ್ದಾಯಿತು. ಬಂಗಾರಪ್ಪ ಒಳಗೆ ಇಣುಕಿದ.

"ಮೇಸ್ತ್ರಿ, ಚೈನು ಹಾರಿದ್ರ ಹೆಂಗ ಗೊತ್ತಾಕ್ಕೈತಿ?"

"ಎರಡೂ ಚಕ್ರದಾಗ ಒಂದೊಂದು ಚುಕ್ಕಿ ಐತಿ. ಕ್ರ್ಯಾಂಕ್ ತಿರುವು. ಸರಿ ಇದ್ರ ಅವು ಎದುರುಬದುರು ಬರ್ತಾವ. ಹಾರಿದ್ರ ಬರಂಗಿಲ್ಲ."

ಬಂಗಾರಪ್ಪ ತಿರುವಿದ. "ಬಂದಾವಲ್ರೀ!"

ಹೊನ್ನೂರಸ್ವಾಮಿ ಎದ್ದು ಬಂದು ನೋಡಿದ. ಎರಡು ಚುಕ್ಕಿಗಳು ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಚೈನು ಹಾರಿಯೇ ಇರಲಿಲ್ಲ. ಆತ ಸೋಪು ಹಚ್ಚಿ ಕೈ ತೊಳೆದು ಬಂದು, ಇದ್ದ ಮೋಟು ಉಗುರಿನಿಂದಲೇ ದೊಡ್ಡ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಸವರಿದ. ಹಲ್ಲುಗಳ ಎರಡೂ ಮಗ್ಗುಲು ಸಮವಾಗಿದ್ದವು. ಉಗುರು ಎಲ್ಲಿಯೂ ತಡವರಿಸಲಿಲ್ಲ.

"ಹಂಗಾದ್ರ ಕಾರು ಯಾಕ ನಿಂತಿತ್ತು?" ಎಂದು ತನ್ನನ್ನೇ ಕೇಳಿಕೊಳ್ಳುತ್ತ, ಮೂಲೆಯಲ್ಲಿದ್ದ ಎಂಜಿನ್ನಿನ ಉಳಿದ ಭಾಗಗಳತ್ತ ನೋಡಿದ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡೆಲ್ಕೊವನ್ನು ಮೊದಲ ದಿನ ಕಳಚುವಾಗ ಅದರ ಬೋಲ್ಟು ಪಾನಾ ತಾಗಿಸದೆಯೇ ಬೆರಳಿಗೆ ತಿರುಗಿ ಬಂದದ್ದು ಆಗ ನೆನಪಾಯಿತು. ಆ ಬೋಲ್ಟು ಸಡಿಲವಿದ್ದರೆ ಡೆಲ್ಕೊ ಜರುಗುತ್ತದೆ. ಕಿಡಿ ಹೊತ್ತು ತಪ್ಪುತ್ತದೆ. ಎಂಜಿನ್ ಸಿಡಿದು ನಿಲ್ಲುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದಾಗ ಬಂಗಾರಪ್ಪ ನೆಲಕ್ಕೆ ಕೂತು ಅಳತೊಡಗಿದ.

"ಅವತ್ತು ಹರಪನಹಳ್ಳ್ಯಾಗ ಡೆಲ್ಕೊ ನಾನ ತಿರುವಿದ್ದೆ ಮೇಸ್ತ್ರಿ. ಪಿಕಪ್ ಸಾಲವಲ್ದು ಅಂತ. ಪರೀಕ್ಷಿಗೆ ಹೊತ್ತಾಗೇತಿ ಅಂತ ಬೋಲ್ಟಿಗೆ ಪಾನಾ ಹಚ್ಚದ ಕೈಲೆ ಬಿಗಿ ಮಾಡಿದ್ದೆ. ಅದಕ್ಕ ನಿಂತೈತಿ ಅಂತ ನನಗ ಹೊಳೀಲೇ ಇಲ್ಲ. ಎಲ್ಲಾರೂ ಚೈನು ಅಂದ್ರು, ನಾನೂ ಅಂದೆ."

ಆರು ವರ್ಷದ ಅವಮಾನಕ್ಕೆ ಈಗ ಹೊಣೆಗಾರನೊಬ್ಬ ಸಿಕ್ಕಿದ್ದ. ಆದರೆ ಹೊನ್ನೂರಸ್ವಾಮಿಯ ಎದೆಯಲ್ಲಿ ಕೋಪ ಹುಡುಕಿದರೂ ಸಿಗಲಿಲ್ಲ. ಬಿಗಿದ ಹಗ್ಗ ಬಿಚ್ಚಿದ ಎತ್ತಿನಂತೆ ಕೊರಳು ಹಗುರಾಗಿತ್ತು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕುಬಿಟ್ಟ.

"ಏಳಲೇ ಮಾರಾಯಾ, ಅಳಬ್ಯಾಡ. ಚಾ ತರಸು."

ಚಹಾ ಕುಡಿದ ಮೇಲೆ ಸಣ್ಣ ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ನಿಂತು ನಿಂತು ತೇವ ಹಿಡಿದು ಎರಡು ಹಲ್ಲುಗಳ ಬುಡದಲ್ಲಿ ತುಕ್ಕು ಕೊರೆದಿತ್ತು. "ದೊಡ್ಡದು ಇರ್ಲಿ. ಸಣ್ಣದು ಬ್ಯಾಡ, ಹೊಸಾದು ತಾ" ಎಂದ. ಆರು ವರ್ಷಗಳಲ್ಲಿ ಆತ ಕೊಟ್ಟ ಮೊದಲ ತೀರ್ಪು ಅದು.

ಮರುವಾರ ತೆಲಿಗಿಗೆ ಹೋದ. ಪದವಿ ಮುಗಿಸಿದ್ದ ದುರ್ಗಾದೇವಿ ಅಲ್ಲಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅಂಗಳದಲ್ಲಿ ನಿಂತೇ ಆತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಚೈನು ಹಾರಿರ್ಲಿಲ್ಲ ತಂಗಿ. ಒಂದು ಬೋಲ್ಟು ಸಡ್ಲಾಗಿತ್ತು, ಅಷ್ಟ." ಯಾರು ಸಡಿಲಿಸಿದರೆಂದು ಹೇಳಲಿಲ್ಲ.

ದುರ್ಗಾದೇವಿ ಕೈಯಲ್ಲಿದ್ದ ಪುಸ್ತಕವನ್ನು ಕಟ್ಟೆಯ ಮೇಲಿಟ್ಟಳು. "ಆ ಪರೀಕ್ಷಿ ನಾನು ಎಂದೋ ಮರತೀನಿ ಕಾಕಾ. ನನ್ನ ನೋಡಿದ ಕೂಡ್ಲೇ ನೀವು ಓಣಿ ತಿರುಗ್ತಿದ್ರಲ್ಲ, ನಾನೇನು ತಪ್ಪು ಮಾಡೀನೋ ಅಂತ ಅದೊಂದ ಚಿಂತಿ ಆಗಿತ್ತು ನೋಡ್ರಿ. ಬರ್ರಿ, ನೀರು ಕುಡೀರಿ."

ಕೈಕೆಲಸವನ್ನು ನಂಬಿ ಬದುಕುವವರ ಆತ್ಮಗೌರವ ವಿಚಿತ್ರವಾದದ್ದು. ಜಗತ್ತು ಹೊರಿಸಿದ ಆರೋಪವನ್ನು ಅವರು ವಾದಿಸಿ ಕಳೆದುಕೊಳ್ಳಲಾರರು. ವಸ್ತುವೇ ಬಾಯಿಬಿಟ್ಟು ಸಾಕ್ಷಿ ನುಡಿಯುವವರೆಗೆ ಅದನ್ನು ಹೊತ್ತೇ ತಿರುಗುತ್ತಾರೆ. ಸಾಕ್ಷಿ ದೊರೆತ ದಿನ ಗೆದ್ದೆವೆಂದು ಊರ ತುಂಬ ಸಾರುವ ಉತ್ಸಾಹವೂ ಅವರಿಗಿರುವುದಿಲ್ಲ. ನಾಳೆಯಿಂದ ಮತ್ತೆ ಸಂಕೋಚವಿಲ್ಲದೆ, ಇದು ಇರಲಿ, ಇದು ಬೇಡ ಎಂದು ಹೇಳಬಹುದಲ್ಲ ಎಂಬುದಷ್ಟೇ ಅವರಿಗೆ ಸಾಕು.