ಮೂಗಿನ ಸಾಕ್ಷಿ

ಆ ಸೋಮವಾರ ಬದಿಯಡ್ಕ ಪೇಟೆಯಲ್ಲಿ ನಗದೆ ಉಳಿದವರು ಯಾರೂ ಇರಲಿಲ್ಲ. ಮಹೇಶ್ವರ ಭಟ್ಟರ ಕೆಂಪು ರೇಸಿನ ಕಾರನ್ನು ಎರಡು ಎತ್ತುಗಳು ಎಳೆದುಕೊಂಡು ಬರುತ್ತಿದ್ದವು. ಉದ್ದ ಮೂತಿಯ, ಬೇಕಾದಾಗ ತಲೆಯ ಮೇಲಿನ ಮಾಡನ್ನು ಮಡಚಿ ಹಿಂದಕ್ಕೆ ಹಾಕುವ, ಅಂಗೈಯ ಹಾಗೆ ನುಣುಪಾದ ಚರ್ಮದ ಸೀಟಿನ ವಿಲಾಯತಿ ಕಾರು. ತನ್ನ ದೇಶಕ್ಕೆ ಹಡಗು ಹತ್ತಿದ ಒಬ್ಬ ಬಿಳಿ ದೊರೆ ಬಿಟ್ಟುಹೋದದ್ದನ್ನು ಮಂಗಳೂರಿನ ದಲ್ಲಾಳಿಯೊಬ್ಬ ಮೂರು ತಿಂಗಳ ಹಿಂದೆ ಭಟ್ಟರಿಗೆ ಮಾರಿದ್ದ. ಚಕ್ರ ಹಿಡಿದು ಕೂತ ಡ್ರೈವರ ಹೊನ್ನಯ್ಯ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಭಟ್ಟರು ಆಕಾಶ ನೋಡುತ್ತಿದ್ದರು. ಹಿಂದೆ, ಮಾಡಿಲ್ಲದ ಡಿಕ್ಕಿ ಸೀಟಿನಲ್ಲಿ ಅವರ ತಾಯಿ ವಸುಮತಿ ಅಮ್ಮ, ತಲೆಗೆ ಸೆರಗು ಹೊದ್ದು, ಅಡೂರಿನ ದೇವರ ಪ್ರಸಾದವನ್ನು ಮಡಿಲಲ್ಲಿಟ್ಟುಕೊಂಡು ಬಿಸಿಲಿಗೆ ಕೂತಿದ್ದರು.

"ಹೊನ್ನಯ್ಯಾ, ಈ ಎತ್ತುಗಳು ಗ್ಯಾಲನಿಗೆ ಎಷ್ಟು ಮೈಲು ಕೊಡುತ್ತವೆ ಮಾರಾಯ?" ಎಂದು ಒಬ್ಬ ಕೂಗಿದ.

"ಹಾರ್ನು ಹೊಡೆಯಿರಿ ಭಟ್ರೇ, ಎತ್ತು ಬದಿಗೆ ಸರಿಯಲಿ!" ಎಂದ ಇನ್ನೊಬ್ಬ.

ಭಟ್ಟರ ಮನೆಯ ಗೇಟಿನ ಹತ್ತಿರ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಹಿಡಿದುಕೊಂಡೇ ಹೊನ್ನಯ್ಯನ ಹೆಂಡತಿ ಅಕ್ಕು ನಿಂತಿದ್ದಳು. ಎತ್ತು ಕಂಡದ್ದೇ ಅವಳು ರಸ್ತೆಗೆ ಓಡಿದಳು. ಮತ್ತೆ ಮೂವರೂ ಕೈಕಾಲು ನೆಟ್ಟಗಿದ್ದು ಇಳಿದದ್ದನ್ನು ನೋಡಿ, ಅಷ್ಟಾದರೂ ಆಯಿತಲ್ಲ ಎಂದು ದೇವರಿಗೂ ಕೈಮುಗಿದಳು, ಎತ್ತಿನವನಿಗೂ ಕೈಮುಗಿದಳು. ಅವಳ ಸ್ವಭಾವವೇ ಹಾಗೆ. ಹೊನ್ನಯ್ಯ ಸರ್ವೀಸ್ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಅವರಿಗೆ ತಮ್ಮದೆಂದು ಒಂದು ಬಾಗಿಲು ಇರಲಿಲ್ಲ. ಅತ್ತಿಗೆಯ ಮನೆಯ ಚಾವಡಿಯಲ್ಲಿ ಚಾಪೆ ಹಾಕುವುದು, ಬೆಳಗಾಗುವ ಮೊದಲು ಮಡಚುವುದು. ಭಟ್ಟರ ಕೆಲಸಕ್ಕೆ ಬಂದ ಮೇಲೆ ಹಿತ್ತಿಲ ಕೊನೆಯಲ್ಲಿ ಎರಡು ಕೋಣೆಯ ಹಂಚಿನ ಬಿಡಾರ ಸಿಕ್ಕಿತು. ಅಕ್ಕು ಅಲ್ಲಿ ನಾಲ್ಕು ಕೋಳಿ ಸಾಕಿದಳು. ದಿನಾ ಬೆಳಗ್ಗೆ ಬಾಗಿಲು ತೆಗೆಯುವಾಗ ಆ ಬಾಗಿಲಿನ ಚಿಲಕಕ್ಕೇ ಒಂದು ನಮಸ್ಕಾರ ಹೇಳುವಷ್ಟು ಅವಳಿಗೆ ಸಂತೋಷ.

ಮರುದಿನ ಬೆಳಗ್ಗೆ ಮಂಗಳೂರಿನಿಂದ ಮಹಾಬಲ ಮೇಸ್ತ್ರಿ ಬಂದ. ಕಂಪೆನಿಯಲ್ಲಿ ಕಲಿತವನು, ದೊಡ್ಡ ಕಾರುಗಳನ್ನು ಮಾತ್ರ ಮುಟ್ಟುವವನು. ಕಾರಿನ ಶೆಡ್ಡಿನಲ್ಲಿ ಇಂಜಿನಿನ ಕೆಳಗಿನ ತಿರುಪು ಬಿಚ್ಚಿ ಉಳಿದ ನೀರನ್ನೆಲ್ಲ ನೆಲಕ್ಕೆ ಬಿಟ್ಟ, ಬಗ್ಗಿ ನೋಡಿದ, ಬೆರಳಾಡಿಸಿದ, ಎದ್ದ.

"ಇಂಜಿನಿನ ಬ್ಲಾಕೇ ಬಿರಿದಿದೆ ಭಟ್ರೇ. ನೀರು ಬತ್ತಿದ ಮೇಲೂ ಓಡಿಸಿದರೆ ಹೀಗೆಯೇ ಆಗುವುದು. ಬೇರೆ ಬ್ಲಾಕು ವಿಲಾಯತಿಯಿಂದಲೇ ಬರಬೇಕು. ಆ ದುಡ್ಡಿಗೆ ನೀವು ಇನ್ನೊಂದು ಕಾರೇ ತೆಗೆಯಬಹುದು."

ಭಟ್ಟರ ಮುಖ ಕಪ್ಪಿಟ್ಟಿತು. "ಹೊನ್ನಯ್ಯ, ನಿನ್ನೆ ಬೆಳಗ್ಗೆ ನೀರು ನೋಡಿದ್ದೆಯಾ?"

"ನೋಡಿದ್ದೆ ಧಣಿಗಳೇ. ಕಂಠದವರೆಗೆ ಇತ್ತು. ಹೊಗೆ ಕಂಡ ಕೂಡಲೇ ನಿಲ್ಲಿಸಿದ್ದೇನೆ."

"ಮತ್ತೆ ಕಬ್ಬಿಣ ಬಿರಿದದ್ದು ಹೇಗೆ? ನನ್ನ ಹಣೆಬರಹ ನೋಡಿಯಾ?"

ಹಿಂದಿನ ದಿನ ಏರುದಾರಿಯಲ್ಲಿ "ಆ ಬಸ್ಸನ್ನು ಹಿಂದೆ ಹಾಕು, ಹಿಂದೆ ಹಾಕು" ಎಂದು ಎರಡು ಸಲ ಅವಸರ ಮಾಡಿದವರು ಭಟ್ಟರೇ. ಅದನ್ನು ಹೊನ್ನಯ್ಯ ಹೇಳಲಿಲ್ಲ.

"ನಾಳೆ ಮಧ್ಯಾಹ್ನದೊಳಗೆ ಬಿಡಾರ ಖಾಲಿ ಮಾಡು," ಎಂದು ಭಟ್ಟರು ಒಳಗೆ ಹೋದರು.

ಬಿಡಾರ ಹೋಗುವುದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಹೆಸರು ಹೋಗುವುದು. ಇಂಜಿನು ಸುಟ್ಟ ಡ್ರೈವರ ಎಂದು ಒಮ್ಮೆ ಬಾಯಿಗೆ ಬಿದ್ದರೆ ಕಾಸರಗೋಡಿನಿಂದ ಪುತ್ತೂರಿನವರೆಗೆ ಯಾವ ಬಸ್ಸಿನ ಯಜಮಾನನೂ ಚಕ್ರ ಮುಟ್ಟಲು ಬಿಡುವುದಿಲ್ಲ. ಅಕ್ಕು ಅತ್ತು ಕೂರಲಿಲ್ಲ. ಶೆಡ್ಡಿನ ನೆಲದಲ್ಲಿ ನೀರು ನಿಂತಿತ್ತು. ಇನ್ನೂ ಒಂದು ದಿನ ಈ ಮನೆಯ ಕೆಲಸ ತನ್ನದೇ ಅಲ್ಲವೇ ಎಂದು ಹಿಡಿಸೂಡಿ ತೆಗೆದುಕೊಂಡು ಹೋದಳು.

ತುಕ್ಕಿನ ಕೆಂಪು ನೀರನ್ನು ಹೊರಗೆ ದೂಡುವಾಗ ಹಿಡಿಸೂಡಿಯ ಕಡ್ಡಿಗೆ ಬಿಳೀ ಚೂರುಗಳು ಸಿಕ್ಕಿಕೊಂಡವು. ಒಡೆದ ಹಾಲಿನ ಹಾಗೆ, ಆದರೆ ರಬ್ಬರಿನಷ್ಟು ಗಟ್ಟಿ. ಅವಳು ಒಂದನ್ನು ಹೆಕ್ಕಿ ಬೆರಳಿನಲ್ಲಿ ಹಿಸುಕಿದಳು. ಮೂಗಿಗೆ ಹಿಡಿದಳು. ಮತ್ತೆ ಅದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಿಡಾರಕ್ಕೆ ಓಡಿದಳು.

"ಇದು ಎಂತ ಹೇಳಿ ನೋಡುವಾ."

ಹೊನ್ನಯ್ಯ ಮೂಸಿದ. "ಮೊಟ್ಟೆ," ಎಂದ ಮೆಲ್ಲಗೆ.

ಬಸ್ಸಿನವರಿಗೆಲ್ಲ ಗೊತ್ತಿದ್ದ ಉಪಾಯ ಅದು. ದಾರಿಯಲ್ಲಿ ರೇಡಿಯೇಟರು ಸೋರಿದರೆ ಬಿಸಿ ನೀರಿಗೆ ಒಂದು ಮೊಟ್ಟೆ ಒಡೆದು ಹಾಕುವುದು. ಬಿಳಿ ಭಾಗ ಬೆಂದು ತೂತಿಗೆ ಹೋಗಿ ಕೂತರೆ ಮುಂದಿನ ಊರು ಮುಟ್ಟಬಹುದು. ಅದೇ ನೀರು ಇಂಜಿನಿನೊಳಗೂ ತಿರುಗುತ್ತದೆ; ಹಾಗಾದರೆ ಬಿರುಕು ಮೊದಲೇ ಇತ್ತು. ಮಾರಿದವರು ಅದನ್ನು ಮೊಟ್ಟೆಯಲ್ಲಿ ಮುಚ್ಚಿ, ಮೇಲೆ ಬಣ್ಣ ಬಳಿದು ಭಟ್ಟರ ಕೊರಳಿಗೆ ಕಟ್ಟಿದ್ದಾರೆ.

"ನಿಮಗೆ ಇಷ್ಟು ದಿವಸ ನಾತ ಬರಲಿಲ್ಲವಾ?"

"ಒಂದೆರಡು ಸಲ ಬಂದಿತ್ತು. ಬೆಳಗ್ಗೆ ನಾನೇ ತಿಂದು ಬಂದ ಮೊಟ್ಟೆಯ ನಾತ ಅಂತ ಸುಮ್ಮನಾದೆ. ಭಟ್ರ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಯೇ ಉಸಿರಾಡಿದ್ದೇನೆ."

ಅಕ್ಕುವಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಹಾಗಾದರೆ ಹೋಗಿ ಹೇಳಿ."

"ನಿನಗೆ ಮರುಳಾ? ಈ ಹಿತ್ತಿಲಲ್ಲಿ ಕೋಳಿ ಸಾಕಿದವಳು ಯಾರು? ಬಸ್ಸಿನಲ್ಲಿ ಕೆಲಸ ಮಾಡಿದವ ಯಾರು? ನಾವೇ ಹಾಕಿದ್ದು ಅಂತ ಆಗುತ್ತದೆ. ಈಗ ಕೆಲಸ ಮಾತ್ರ ಹೋಯಿತು. ಭಟ್ರ ಕಾರಿಗೆ ಮೊಟ್ಟೆ ಹಾಕಿ ಆ ಅಮ್ಮನನ್ನು ದೇವಸ್ಥಾನಕ್ಕೆ ಕರಕೊಂಡು ಹೋದವ ಅಂತ ಆದರೆ ಈ ಸೀಮೆಯಲ್ಲಿ ಮುಖ ತೋರಿಸಲಿಕ್ಕುಂಟಾ? ಬಾಯಿ ಮುಚ್ಚು. ಪಾತ್ರೆ ಕಟ್ಟು."

ಅಕ್ಕು ಪಾತ್ರೆ ಕಟ್ಟಲಿಲ್ಲ. ಗಂಡ ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಊಟದ ಹೊತ್ತು ಕಳೆದ ಮೇಲೆ ಅವಳ ಕಾಲು ದೊಡ್ಡ ಮನೆಯ ಹಿಂಬದಿಯ ಅಂಗಳಕ್ಕೇ ಹೋಯಿತು. ವಸುಮತಿ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಹತ್ತಿಯ ಬತ್ತಿ ಹೊಸೆಯುತ್ತಿದ್ದರು.

"ಎಂತ ಅಕ್ಕು? ಬಿಟ್ಟು ಹೋಗುವುದು ಅಂತ ಹೇಳಲಿಕ್ಕೆ ಬಂದದ್ದಾ?"

"ಅಲ್ಲ ಅಮ್ಮ. ಒಂದು ಮಾತುಂಟು. ಕೇಳಿದ ಮೇಲೆ ನೀವು ಬೈದರೂ ಬೈಯಿರಿ." ಅಂಗಳದಲ್ಲೇ ನಿಂತು ಅವಳು ಎಲ್ಲವನ್ನೂ ಹೇಳಿದಳು. ಬಿಳೀ ಚೂರು, ಬಸ್ಸಿನವರ ಉಪಾಯ, ತನ್ನ ನಾಲ್ಕು ಕೋಳಿ. ಗಂಡ ಹೇಳಬೇಡ ಎಂದದ್ದನ್ನೂ ಬಿಡಲಿಲ್ಲ. "ನಾವು ಹಾಕಲಿಲ್ಲ ಅಮ್ಮ. ಅದಕ್ಕೆ ಸಾಕ್ಷಿ ಮಾತ್ರ ನನ್ನ ಹತ್ತಿರ ಇಲ್ಲ."

ವಸುಮತಿ ಅಮ್ಮನ ಕೈಯ ಬತ್ತಿ ಅರ್ಧಕ್ಕೆ ನಿಂತಿತು. ಅಕ್ಕು ಕಾಲಬೆರಳಿನಲ್ಲಿ ನೆಲ ಕೆರೆಯುತ್ತಾ ನಿಂತಳು.

"ಆ ನಾತ ಹೇಗಿರುತ್ತದೆ?" ಎಂದು ಕೊನೆಗೆ ಅಮ್ಮ ಕೇಳಿದರು.

"ಅದನ್ನು ಹೇಗೆ ಹೇಳುವುದು ಅಮ್ಮ? ಮೊಟ್ಟೆ ಬೆಂದ ಹಾಗೆ."

"ನಾನು ಹುಟ್ಟಿ ಎಪ್ಪತ್ತು ವರ್ಷ ಆಯಿತು, ಮೊಟ್ಟೆ ಬೆಂದದ್ದನ್ನು ಮೂಸಲಿಲ್ಲ ಮಾರಾಯ್ತಿ. ಆದರೆ ಕೇಳು. ಕಾರು ಮನೆಗೆ ಬಂದ ದಿನ ನಾನೇ ಆರತಿ ಎತ್ತಿದ್ದು. ದಲ್ಲಾಳಿಯ ಆಳು ಇಂಜಿನು ತೋರಿಸುತ್ತೇನೆ ಅಂತ ನೀರಿನ ಮುಚ್ಚಳ ತೆಗೆದ. ಆವಿ ಮುಖಕ್ಕೇ ಹೊಡೆಯಿತು. ಅದರಲ್ಲಿ ಎಂತದೋ ಒಂದು ಕೆಟ್ಟ ನಾತ. ಎರಡು ದಿನ ಅನ್ನ ಸೇರಲಿಲ್ಲ ನನಗೆ. ಮಹೇಶನ ಹತ್ತಿರ ಕೇಳಿದರೆ, ಅದು ವಿಲಾಯತಿ ಎಣ್ಣೆಯ ಪರಿಮಳ ಅಮ್ಮ ಅಂದ."

ಅಕ್ಕು ತಲೆ ಎತ್ತಿದಳು.

"ನಿನ್ನ ಗಂಡ ಕೆಲಸಕ್ಕೆ ಸೇರಿದ್ದು ಆಮೇಲೆ ನಾಲ್ಕನೇ ದಿನಕ್ಕೆ," ಎಂದರು ಅಮ್ಮ. "ಅದು ಇದೇ ನಾತವೋ ಅಲ್ಲವೋ ಅಂತ ನಾನು ಹೇಳಬೇಕಾದರೆ ಒಮ್ಮೆ ಮೂಸಿ ನೋಡಬೇಕು. ಹೋಗು, ನಿನ್ನ ಕೋಳಿಯದ್ದು ಒಂದು ತಾ. ಶೆಡ್ಡಿನ ಹಿಂದೆ ಮೂರು ಕಲ್ಲು ಹೂಡು. ಮಹೇಶಾ! ಊಟಕ್ಕೆ ನಿಂತ ಮೇಸ್ತ್ರಿಯನ್ನೂ ಕರಕೊಂಡು ಬಾ!"

ವಿಷಯ ಕೇಳಿದ್ದೇ ಭಟ್ಟರು ಹೌಹಾರಿದರು. "ಅಮ್ಮಾ, ನಿಮಗೆ ಎಂತ ಆಗಿದೆ? ಈ ಪ್ರಾಯದಲ್ಲಿ ಮೊಟ್ಟೆ ಮೂಸುವುದಾ? ನಾಲ್ಕು ಜನ ಕೇಳಿದರೆ?"

"ನಾಲ್ಕು ಜನ ನಿನ್ನೆ ಪೇಟೆಯಲ್ಲಿ ನಗಾಡಿದ್ದು ಸಾಕಾಗಲಿಲ್ಲವಾ ನಿನಗೆ? ಒಬ್ಬನ ಅನ್ನ ತೆಗೆಯುವ ಮೊದಲು ಸರಿಯಾಗಿ ನೋಡಬೇಕು. ನಿನ್ನ ಮೂಗಿಗೆ ಆಗದಿದ್ದರೆ ನೀನು ಆಚೆ ನಿಲ್ಲು."

ಭಟ್ಟರು ಆಚೆ ನಿಂತರು, ಶಾಲು ಮೂಗಿಗೆ ಒತ್ತಿಕೊಂಡು. ಮಹಾಬಲ ಮೇಸ್ತ್ರಿ ಕೈಕಟ್ಟಿ ನಿಂತ. ಹೊನ್ನಯ್ಯ ಮಾತ್ರ ಹತ್ತಿರ ಬರದೆ ಹಲಸಿನ ಮರಕ್ಕೆ ಒರಗಿಕೊಂಡ. ಅಕ್ಕು ಒಂದು ಹಳೆಯ ಡಬ್ಬಿಯಲ್ಲಿ ನೀರು ಕುದಿಸಿ, ಮೊಟ್ಟೆ ಒಡೆದು ಹಾಕಿದಳು. ಬಿಳಿಯದು ನೂಲು ನೂಲಾಗಿ ಮೇಲೆ ಬಂತು. ಆವಿ ಎದ್ದಿತು.

ವಸುಮತಿ ಅಮ್ಮ ದೂರದಿಂದ ಮೂಸಿ ಮುಗಿಸಬಹುದಿತ್ತು. ಮಾಡಲಿಲ್ಲ. ಮೊಣಕಾಲಿಗೆ ಕೈ ಊರಿಕೊಂಡು ಮೆಟ್ಟಿಲು ಇಳಿದರು, ಡಬ್ಬಿಯ ಹತ್ತಿರ ಬಂದರು, ಮೂಗಿನಿಂದ ಸೆರಗು ತೆಗೆದು ಬಗ್ಗಿದರು. ಒಂದು ಉಸಿರು ಪೂರ್ತಿ ಎಳೆದುಕೊಂಡರು. ಅವರ ಮುಖ ಹಾಗಲಕಾಯಿ ಜಗಿದ ಹಾಗೆ ಆಯಿತು. ಕಣ್ಣಿನಲ್ಲಿ ನೀರು ಬಂತು. ಇದಲ್ಲ ಎಂದರೆ ಅಕ್ಕುವಿನ ಬಿಡಾರ ಅಲ್ಲಿಗೆ ಮುಗಿಯಿತು.

"ಇದೇ," ಎಂದರು ಅಮ್ಮ. "ಮಹೇಶ, ಇದೇ ನಿನ್ನ ವಿಲಾಯತಿ ಎಣ್ಣೆ."

ಮೇಸ್ತ್ರಿ ನೇರ ಶೆಡ್ಡಿಗೆ ಹೋದ. ಒಳಗಿನಿಂದ ಕರಕರ ಕೆರೆಯುವ ಸದ್ದು ಬಂತು. ಹೊರಗೆ ಬಂದಾಗ ಅವನ ಅಂಗೈಯಲ್ಲಿ ಬಿರುಕಿಗೆ ಮೆತ್ತುವ ಪುಟ್ಟಿಯ ಒಣಗಿದ ಹೆಕ್ಕಳೆ, ಅದರ ಮೇಲೆ ಕೆಂಪು ಬಣ್ಣ.

"ತಪ್ಪು ನನ್ನದು ಭಟ್ರೇ. ಹೊಸ ಬಿರುಕಾದರೆ ಕಬ್ಬಿಣ ಬೆಳ್ಳಗೆ ಹೊಳೆಯಬೇಕು. ಇದು ಆಳದವರೆಗೆ ತುಕ್ಕು ಹಿಡಿದಿದೆ. ವರ್ಷವೇ ಆಗಿರಬಹುದು. ಹೊರಗೆ ಪುಟ್ಟಿ, ಒಳಗೆ ಮೊಟ್ಟೆ. ಮೂರು ತಿಂಗಳು ನಿಲ್ಲಬೇಕಾದರೆ ಡಜನುಗಟ್ಟಲೆ ಹಾಕಿರಬೇಕು. ಡ್ರೈವರ ನಿಧಾನ ಓಡಿಸಿದ್ದಕ್ಕೆ ಇಷ್ಟು ದಿನ ಬಂತು."

ಭಟ್ಟರು ಶೆಡ್ಡಿನ ಹೊಸ್ತಿಲಲ್ಲಿ ಕುಸಿದು ಕೂತರು. ದುಡ್ಡಿನ ಮಾತು ಅವರ ಬಾಯಿಗೆ ಬರಲೇ ಇಲ್ಲ. "ಮೂರು ತಿಂಗಳು! ಡಜನು ಮೊಟ್ಟೆ ಇಟ್ಟುಕೊಂಡು ಸೋಮವಾರ ಸೋಮವಾರ ದೇವಸ್ಥಾನಕ್ಕೆ ಹೋಗಿದ್ದೇವಲ್ಲ ಅಮ್ಮ!"

"ಹೋಗಿದ್ದೇವೆ. ದೇವರು ನಮ್ಮನ್ನು ಹೊರಗೆ ಹಾಕಲಿಲ್ಲ. ನೀನು ಇವರನ್ನು ಹೊರಗೆ ಹಾಕಬೇಡ."

ಭಟ್ಟರು ಹಲಸಿನ ಮರದ ಕಡೆ ನೋಡಿದರು. ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಗಂಟಲು ಸರಿ ಮಾಡಿಕೊಂಡು ಹೇಳಿದರು: "ಹೊನ್ನಯ್ಯ, ಬಿಡಾರ ಬಿಡುವುದು ಬೇಡ. ಈ ಕಾರನ್ನು ತೂಕಕ್ಕೆ ಕೊಟ್ಟು ಒಂದು ಗಟ್ಟಿ ಹಳೆಯ ಗಾಡಿ ತೆಗೆಯುವಾ. ಈ ಸಲ ನೀನೇ ಬಂದು ನೋಡು. ನೀನು ಆಗಬಹುದು ಅಂದರೆ ಮಾತ್ರ." ಶಾಲು ಹೆಗಲಿಗೆ ಹಾಕಿಕೊಳ್ಳುತ್ತಾ, "ಬಸ್ಸನ್ನು ಹಿಂದೆ ಹಾಕು ಅಂದವ ನಾನೇ. ನೀನು ಅದನ್ನು ಮೇಸ್ತ್ರಿಯ ಎದುರು ಹೇಳಲಿಲ್ಲ," ಎಂದರು.

ಹೊನ್ನಯ್ಯ ಮುಂಡಾಸಿನ ತುದಿಯಲ್ಲಿ ಕಣ್ಣೊರೆಸಿಕೊಂಡ. "ಮೊದಲು ನೀರಿನ ಮುಚ್ಚಳ ತೆಗೆದು ಮೂಸುತ್ತೇನೆ ಧಣಿಗಳೇ," ಎಂದ. ಮೇಸ್ತ್ರಿ ಗೊಳ್ಳೆಂದು ನಕ್ಕ. ಭಟ್ಟರೂ ನಗದಿರಲು ಬಹಳ ಪ್ರಯತ್ನ ಪಟ್ಟರು.

ಅಕ್ಕು ವಸುಮತಿ ಅಮ್ಮನಿಗಾಗಿ ಸುತ್ತ ನೋಡಿದಳು. ಅವರು ಅಲ್ಲಿರಲಿಲ್ಲ. ಮೈಲಿಗೆಯಾದ ಮೈಯಲ್ಲಿ ಒಳಗೆ ಹೋಗುವಂತಿಲ್ಲ. ಸಂಜೆಯ ಹೊತ್ತು, ಧನು ತಿಂಗಳ ಚಳಿ, ತಲೆಗೆ ಮೀಯಲು ಬಚ್ಚಲಿಗೆ ಹೋಗಿದ್ದರು. ಇವತ್ತು ರಾತ್ರಿ ಊಟವೂ ಇಲ್ಲ ಎಂದು ಭಟ್ಟರ ಹೆಂಡತಿ ಅಡಿಗೆಯವರಿಗೆ ಹೇಳುವುದು ಕೇಳಿಸಿತು. ತಮ್ಮ ಎರಡು ಕೋಣೆ ಉಳಿಯಲು ಆ ಮುದಿ ಜೀವ ಇಷ್ಟು ತೆತ್ತಿತಲ್ಲ! ಕಾಲಿಗೆ ಬೀಳೋಣವೆಂದರೆ ಮುಟ್ಟುವ ಹಾಗಿಲ್ಲ. ಒಳಗೆ ಹೋಗಿ ನೀರು ಹೊಯ್ಯೋಣವೆಂದರೆ ಅದೂ ಇಲ್ಲ.

ಆದರೆ ಬಚ್ಚಲ ಒಲೆಯ ಬಾಯಿ ಹೊರಗೆ ಹಿತ್ತಿಲಿಗಿತ್ತು. ಅಕ್ಕು ಬಿಡಾರಕ್ಕೆ ಹೋಗಿ, ಮಳೆಗಾಲಕ್ಕೆಂದು ಕೂಡಿಟ್ಟ ಒಣ ತೆಂಗಿನ ಮಡಲನ್ನು ಹೊರೆಯಾಗಿ ಹೊತ್ತು ತಂದಳು. ಒಲೆಯ ಎದುರು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಒಳಗೆ ದೂಡಿದಳು. ಬೆಂಕಿ ಬುಸ್ಸೆಂದು ಹತ್ತಿಕೊಂಡಿತು. ಗೋಡೆಯ ಆಚೆ ಹಂಡೆಯ ನೀರು ಗುಣುಗುಟ್ಟಿತು. ಚೊಂಬು ಚೊಂಬಾಗಿ ನೀರು ಬೀಳುವ ಸದ್ದು, ನಡುವೆ ಅಮ್ಮ ದೇವರ ಹೆಸರು ಹೇಳುವ ಸದ್ದು.

"ಯಾರದು ಒಲೆಯ ಹತ್ತಿರ?"

"ನಾನು ಅಮ್ಮ, ಅಕ್ಕು."

"ಸಾಕು ಮಾರಾಯ್ತಿ, ನನ್ನನ್ನೂ ಬೇಯಿಸುತ್ತೀಯಾ ಎಂತ?"

"ಇಲ್ಲ ಅಮ್ಮ," ಎಂದು ಅಕ್ಕು ಕಣ್ಣೊರೆಸಿಕೊಂಡು, ಸದ್ದಾಗದ ಹಾಗೆ ಇನ್ನೊಂದು ಮಡಲು ದೂಡಿದಳು.