ನಾಲ್ಕನೇ ಜ್ವರ

ಹರಿತಾಳ ಗಣಿತದ ಉತ್ತರಕ್ಕೆ ಸೊನ್ನೆ ಹಾಕಿದ್ದು ನಾನೇ. ಸುಸ್ತಾಗಿತ್ತು ಎಂದು ಈಗ ಹೇಳಿದರೆ ಯಾರು ಕೇಳುತ್ತಾರೆ? ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಾದಲಿ. ನಿಂತುಕೊಂಡೇ ಬಂದು, ನಿಂತುಕೊಂಡೇ ಪಾಠ ಮಾಡಿ, ನಿಂತುಕೊಂಡೇ ಮನೆಗೆ ಹೋಗುವವಳಿಗೆ ಕಾಲಿನ ಜೊತೆ ತಲೆಯೂ ಮರಗಟ್ಟುತ್ತದೆ. ಈ ಶಾಲೆಗೆ ವರ್ಗವಾಗಿ ಬಂದು ಆಗ ಆರು ತಿಂಗಳಾಗಿತ್ತು.

ಪ್ರಶ್ನೆಯೇನೂ ಕಷ್ಟದ್ದಲ್ಲ. ಒಂದು ನಕ್ಷೆ ಕೊಟ್ಟಿದ್ದೆ. ಗೆರೆ ಏರುತ್ತದೆ, ಇಳಿದು ಎಕ್ಸ್ ಅಕ್ಷ ಮುಟ್ಟುತ್ತದೆ, ಮತ್ತೆ ಏರುತ್ತದೆ. ಹೀಗೆ ನಾಲ್ಕು ಸಲ. ಮುಟ್ಟಿದಲ್ಲೆಲ್ಲ ವೈ ಬೆಲೆ ಸೊನ್ನೆ. ಪುಸ್ತಕ ಅದನ್ನು ಶೂನ್ಯತೆ ಎನ್ನುತ್ತದೆ. ಶೂನ್ಯತೆಗಳೆಷ್ಟು, ಯಾಕೆ? ಎಣಿಸಲು ಬಂದರೆ ಸಾಕು, ಅಂಕ ಸಿಕ್ಕಿತು. ಹರಿತಾ ಬರೆದಿದ್ದಳು: "ನಾಲ್ಕು ಜ್ವರ. ನಾಲ್ಕು ಸಲ ಸೊಪ್ಪು ತಿಂದಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದಿನ ತಿಂಗಳು ಇದೇ ಹುಡುಗಿ ರಜಾ ಚೀಟಿ ಕೊಟ್ಟಿದ್ದಳು: "ನಾಲ್ಕನೇ ಜ್ವರ ಎದ್ದಿದೆ, ಎಂಟು ದಿನ ರಜೆ ಬೇಕು." ಡಾಕ್ಟರ್ ಚೀಟಿ ತಾ ಎಂದಿದ್ದೆ. ತರಲಿಲ್ಲ. ಎಂಟೂ ದಿನ ಗೈರುಹಾಜರಿ ಹಾಕಿದ್ದೆ. ಈಗ ಪರೀಕ್ಷೆಯಲ್ಲೂ ಜ್ವರವೇ? ಆಟ ಆಡಿಸುತ್ತಿದ್ದಾಳೆ ಎಂದುಕೊಂಡೆ.

ಅವತ್ತೇ ಮಧ್ಯಾಹ್ನ ಹೆಡ್‌ಮಾಸ್ಟರ್ ಚೆನ್ನರಾಯಪ್ಪನವರು ಒಂದು ಪಟ್ಟಿ ಕೈಗಿತ್ತರು. ಹಾಜರಿ ಸಾಲದವರದು. ಪಟ್ಟಿಯಲ್ಲಿ ಉಳಿದವರು ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯುವಂತಿಲ್ಲ. ಮೂರು ಹೆಸರಿತ್ತು, ಮೂರನೆಯದು ಹರಿತಾ.

"ಇವಳು ಪಾಸಾಗೋ ಹಂಗಿದ್ರೆ ಕಾರಣ ಬರ್ಕೊಡಿ ಸಂಘಮಿತ್ರಮ್ಮ, ನಾನು ಮೇಲಕ್ಕೆ ಕಳಿಸ್ತೀನಿ. ಇಲ್ಲಾಂದ್ರೆ ಸೈನ್ ಹಾಕಿ. ನಾಲ್ಕು ಗಂಟೆ ಒಳಗೆ ಬೇಕು."

ಸೈನ್ ಹಾಕಿದರೆ ನನಗೊಂದು ತಲೆನೋವು ಕಡಿಮೆ. ಪೆನ್ನಿನ ಮುಚ್ಚಳವನ್ನೂ ತೆಗೆದೆ. ಆದರೆ ಅವಳಿಗೆ ಒಂದು ಸಲ ಚೆನ್ನಾಗಿ ಬೈಯದೆ ಹಾಕಲು ಮನಸ್ಸು ಬರಲಿಲ್ಲ. ಕರೆಸಿದೆ.

"ಏನೇ ಇದು, ನಕ್ಷೆಗೆ ಜ್ವರ ಬರುತ್ತೇನೇ?"

"ನಕ್ಷೆಗಲ್ಲ ಮಿಸ್, ಹುಳಕ್ಕೆ. ರೇಷ್ಮೆ ಹುಳಕ್ಕೆ." ಅವಳು ಬೆರಳಿನಿಂದ ಗೆರೆಯನ್ನು ತೋರಿಸಿದಳು. "ಎಕ್ಸ್ ಅಂದ್ರೆ ದಿನ, ವೈ ಅಂದ್ರೆ ಸೊಪ್ಪು ಅನ್ಕೊಂಡೆ. ಒಂದು ಎಕ್ಸ್‌ಗೆ ಒಂದೇ ವೈ ಅಂತ ನೀವೇ ಹೇಳಿದ್ರಲ್ಲ? ಎಷ್ಟನೇ ದಿನ ಅಂದ್ರೆ ಸಾಕು, ಎಷ್ಟು ಸೊಪ್ಪು ಅಂತ ನಮ್ಮಜ್ಜಿ ಹೇಳ್ಬಿಡ್ತಾಳೆ. ಜ್ವರಕ್ಕೆ ಕೂತಾಗ ಸೊನ್ನೆ."

"ತಿನ್ನದೇ ಇದ್ರೆ ಸಾಯಲ್ವಾ?"

"ಅಯ್ಯೋ, ಇಲ್ಲ ಮಿಸ್! ತಲೆ ಎತ್ಕೊಂಡು ಸುಮ್ನೆ ಕೂತಿರ್ತವೆ, ಚರ್ಮ ಬಿಡ್ತಾವೆ, ಅದಕ್ಕೇ ಜ್ವರ ಅನ್ನೋದು. ಆವಾಗ ಮುಟ್ಟಬಾರ್ದು. ಎದ್ಮೇಲೆ ನೋಡ್ಬೇಕು ನೀವು! ನಾಲ್ಕನೇದು ಎದ್ರಂತೂ ಎಂಟು ದಿನ ಎಷ್ಟು ಹಾಕಿದ್ರೂ ಸಾಲಲ್ಲ. ಅಜ್ಜಿ ಕೈ ಮುರ್ಕೊಂಡಿದ್ಲು, ಸೊಪ್ಪು ಕೊಯ್ಯೋಕೆ ಅಮ್ಮ ಒಬ್ಳೇ. ಅದಕ್ಕೇ ರಜ ಕೇಳಿದ್ದು."

"ಅವತ್ತೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೇ ನಿಂಗೆ?"

"ಜ್ವರ ಅಂದ್ರೆ ಎಲ್ರಿಗೂ ಗೊತ್ತಲ್ವಾ ಅನ್ಕೊಂಡೆ ಮಿಸ್."

ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಆದರೂ ಸೋಲಲು ಮನಸ್ಸಿಲ್ಲದೆ ಕಾಗದದ ಮೇಲೆ ಇನ್ನೊಂದು ಗೆರೆ ಎಳೆದೆ. ಎಕ್ಸ್ ಅಕ್ಷಕ್ಕಿಂತ ಮೇಲೆ ಮೇಲೆಯೇ ಹೋಗುವ, ಎಲ್ಲೂ ಕೆಳಗೆ ಬಂದು ಮುಟ್ಟದ ಗೆರೆ.

"ಇದಕ್ಕೆ ಎಷ್ಟು?"

"ಒಂದೂ ಇಲ್ಲ ಮಿಸ್," ಎಂದಳು ಥಟ್ಟನೆ. ಆಮೇಲೆ ಗೆರೆಯುದ್ದಕ್ಕೂ ಬೆರಳು ಓಡಿಸಿದಳು. "ಆದ್ರೆ ಇಂಥ ಹುಳ ಇರಲ್ಲ. ಒಂದ್ಸಲಾನೂ ಕೂರದೇ ಇದ್ರೆ ಬೆಳೆಯೋದು ಹೆಂಗೆ?"

ನನಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು, ಸುಳ್ಳು ಯಾಕೆ ಹೇಳಲಿ. ಪಾಠವನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡವಳಿಗೆ ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದ್ದೆ.

"ಮಿಸ್, ನಾನು ಪರೀಕ್ಷೆ ಬರೀಬೋದಾ?" ಎಂದಳು.

ಉತ್ತರ ಕೊಡುವ ಅಧಿಕಾರ ನನ್ನದಾಗಿರಲಿಲ್ಲ. ಅವಳ ಹೆಸರಿನ ಮುಂದೆ ಒಂದೇ ಪದ ಬರೆದು ಹೆಡ್‌ಮಾಸ್ಟರ್ ಕೋಣೆಗೆ ಹೋದೆ. ಚೆನ್ನರಾಯಪ್ಪನವರು ಕನ್ನಡಕ ಸರಿಮಾಡಿಕೊಂಡರು.

"ಜ್ವರ? ಡಾಕ್ಟರ್ ಚೀಟಿ ಎಲ್ಲಮ್ಮ?"

"ಆ ಜ್ವರ ಅಲ್ಲ ಸಾರ್. ನಾಲ್ಕನೇದು. ಎದ್ದಿತ್ತಂತೆ."

ಅವರು ಶಿಡ್ಲಘಟ್ಟದ ಹುಳದ ಮನೆಯಲ್ಲೇ ಹುಟ್ಟಿ ಬೆಳೆದವರು. ತಲೆ ಎತ್ತಿ ನನ್ನನ್ನೇ ನೋಡಿದರು.

"ಸರಿ. ಗಣಿತ?"

"ಬುದ್ಧಿ ಇದೆ ಸಾರ್, ಪುಸ್ತಕದ ಮಾತು ಬರಲ್ಲ ಅಷ್ಟೇ. ದಿನಾ ಸ್ಕೂಲ್ ಬಿಟ್ಮೇಲೆ ಒಂದು ಗಂಟೆ ನಾನು ಕೂರಿಸ್ಕೋತೀನಿ."

"ನಿಮ್ಮ ಬಸ್ಸು ತಪ್ಪುತ್ತಲ್ಲಮ್ಮ?"

"ತಪ್ಪುತ್ತೆ ಸಾರ್," ಎಂದೆ. ಹೇಳುವಾಗಲೇ ಕಾಲು ನೋಯುತ್ತಿತ್ತು.

ಅವರು ಪೆನ್ನು ತೆಗೆದುಕೊಂಡು ಹರಿತಾಳ ಹೆಸರನ್ನು ನಿಧಾನವಾಗಿ ಹೊಡೆದುಹಾಕಿದರು. "ನಾಲ್ಕನೇದು ಎದ್ಮೇಲೆ ಸೊಪ್ಪು ಹಾಕ್ದೆ ಇರೋಕಾಗುತ್ತೇನಮ್ಮ," ಎಂದು ಪಟ್ಟಿಯನ್ನು ನನ್ನ ಕಡೆ ತಳ್ಳಿದರು.